ಉದ್ಯೋಗ ಅರ್ಜಿಯ ಪತ್ರವನ್ನು ತಿದ್ದುವ ಬಗೆ: ಕರಡಿನಿಂದ ಕಳುಹಿಸುವವರೆಗೆ

ಕೆಲಸಕ್ಕೆ ಅರ್ಜಿ ಹಾಕುವವರು ಬಯೋಡೇಟಾಕ್ಕಾಗಿ ವಾರಗಟ್ಟಲೆ ಕೂರುತ್ತಾರೆ. ಅದರ ಮೇಲಿಡುವ ಒಂದು ಪುಟದ ಪತ್ರವನ್ನು ಮಾತ್ರ ಹೊರಡುವ ಗಡಿಬಿಡಿಯಲ್ಲಿ ಬರೆದು ಮುಗಿಸುತ್ತಾರೆ. ಎದುರಿನವರ ಕಣ್ಣಿಗೆ ಮೊದಲು ಬೀಳುವುದು ಆ ಪತ್ರವೇ. ಬೆಳಗಾವಿಯ ಕಾಲೇಜೊಂದರ ಎದುರಿಗೆ ನಮ್ಮ ಡಿಟಿಪಿ ಮತ್ತು ಝೆರಾಕ್ಸ್ ಅಂಗಡಿ ಇದೆ. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ, ಖಾಸಗಿ ಶಾಲೆಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಹೋಗುವ ಪತ್ರಗಳು ನಮ್ಮ ಮೇಜಿನ ಮೇಲೆಯೇ ಹಾದು ಹೋಗುತ್ತವೆ. ಬಂದವರು ಹೇಳುವುದು ಒಂದೇ ಮಾತು: "ಸ್ಪೆಲ್ಲಿಂಗ್ ಅಷ್ಟು ನೋಡಿ ಕೊಡಿ, ಸರ್." ಸ್ಪೆಲ್ಲಿಂಗ್ ನೋಡುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮೊದಲು ನೋಡಬೇಕಾದದ್ದು ಬಹಳವಿದೆ.

ಜೋಳ ಹಸನು ಮಾಡುವಾಗ ಮೊದಲು ಮೊರದಲ್ಲಿ ಕೇರಿ ಹೊಟ್ಟು ಹಾರಿಸುತ್ತೇವೆ, ಆಮೇಲೆ ಕೂತು ಹರಳು ಆರಿಸುತ್ತೇವೆ. ಪತ್ರವನ್ನು ತಿದ್ದುವ ಕ್ರಮವೂ ಅದೇ: ಮೊದಲು ವಿಷಯ, ನಂತರ ವಿವರ, ಆಮೇಲೆ ವಾಕ್ಯ, ಕೊನೆಗೆ ಅಕ್ಷರ. ನಾಳೆ ಅಳಿಸಿಹಾಕಬೇಕಾದ ಪ್ಯಾರಾದ ಒತ್ತಕ್ಷರವನ್ನು ಇವತ್ತು ತಿದ್ದಿ ಪ್ರಯೋಜನವಿಲ್ಲ. ಇನ್ನೊಂದು ನಿಯಮವಿದೆ. ಒಂದು ಓದಿನಲ್ಲಿ ಒಂದೇ ಕೆಲಸ. ಎಲ್ಲವನ್ನೂ ಒಟ್ಟಿಗೆ ಹುಡುಕುತ್ತೇನೆಂದು ಕೂತವರ ಕಣ್ಣಿಗೆ ಯಾವುದೂ ಬೀಳುವುದಿಲ್ಲ.

ಸರ್ಕಾರಿ ನೇಮಕಾತಿಯ ಆನ್‌ಲೈನ್ ಅರ್ಜಿಗಳಿಗೆ ಸಾಮಾನ್ಯವಾಗಿ ಈ ಪತ್ರ ಬೇಕಾಗುವುದಿಲ್ಲ, ಅಲ್ಲಿ ನಮೂನೆ ತುಂಬಿದರೆ ಮುಗಿಯಿತು. ಇಲ್ಲಿ ಹೇಳುತ್ತಿರುವುದೆಲ್ಲ ಖಾಸಗಿ ಮತ್ತು ಸಹಕಾರಿ ಸಂಸ್ಥೆಗಳಿಗೆ ಬರೆಯುವ ಪತ್ರದ ಬಗ್ಗೆ.

ಹಂತ 1: ಕರಡನ್ನು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಕಾಗದದ ಮೇಲೆ ಓದಿ

ಬರೆದ ಕೂಡಲೇ ಓದಿದರೆ ಕಾಗದದಲ್ಲಿ ಇರುವುದರ ಬದಲು ತಲೆಯಲ್ಲಿ ಇರುವುದೇ ಕಾಣುತ್ತದೆ. ಒಂದು ರಾತ್ರಿ ಬಿಟ್ಟರೆ ಒಳ್ಳೆಯದು. ಕೊನೆಯ ದಿನಾಂಕ ಇವತ್ತೇ ಇದ್ದರೆ ಚಹಾ ಕುಡಿದು ಬರುವಷ್ಟಾದರೂ ಅಂತರವಿರಲಿ. ಮೊಬೈಲ್ ಪರದೆಯ ಮೇಲೆ ತಿದ್ದಬೇಡಿ, ಎರಡು ರೂಪಾಯಿಯ ಆಸೆಗೆ ಬೀಳದೆ ಪ್ರಿಂಟ್ ತೆಗೆಸಿ. ಪಕ್ಕದಲ್ಲಿ ಉದ್ಯೋಗದ ಜಾಹೀರಾತು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಅನುಭವದ ಪತ್ರ ಮತ್ತು ನಿಮ್ಮ ಬಯೋಡೇಟಾ ಇರಲಿ. ಕೈಯಲ್ಲಿ ಕೆಂಪು ಪೆನ್ನು.

ಹಂತ 2: ಜಾಹೀರಾತು ಕೇಳಿದ್ದಕ್ಕೆ ಪತ್ರ ಉತ್ತರ ಕೊಡುತ್ತಿದೆಯೇ?

ಜಾಹೀರಾತಿನಲ್ಲಿ ಅವರು ಏನೇನು ಕೇಳಿದ್ದಾರೋ ಅದಕ್ಕೆಲ್ಲ ಗೆರೆ ಎಳೆಯಿರಿ. ಪತ್ರದಲ್ಲಿ ಅದಕ್ಕೆ ಉತ್ತರ ಎಲ್ಲಿದೆ ಎಂದು ಹುಡುಕಿ, ಅಲ್ಲಿಯೂ ಗೆರೆ ಎಳೆಯಿರಿ. ಫೌಂಡ್ರಿಯೊಂದು ಗುಣಮಟ್ಟ ಪರೀಕ್ಷಕರು ಬೇಕೆಂದು ಹೇಳಿ, ವರ್ನಿಯರ್ ಮತ್ತು ಮೈಕ್ರೋಮೀಟರ್ ಬಳಸಲು ಬರಬೇಕು, ರಾತ್ರಿ ಪಾಳಿಗೂ ಸಿದ್ಧರಿರಬೇಕು ಎಂದು ಕೇಳಿದೆ ಎನ್ನಿ. ನಿಮ್ಮ ಪತ್ರದಲ್ಲಿ ಡಿಪ್ಲೊಮಾದ ಅಂಕಗಳು, ಎನ್‌ಎಸ್‌ಎಸ್ ಶಿಬಿರ, ಕ್ರಿಕೆಟ್ ಎಲ್ಲವೂ ಇದ್ದು ಪಾಳಿಯ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ, ಅಕ್ಷರಗಳು ಮುತ್ತಿನಂತಿದ್ದರೂ ಪತ್ರ ಕೆಲಸಕ್ಕೆ ಬಾರದು. ಉತ್ತರವಿಲ್ಲದ ಕಡೆ ಸೇರಿಸಿ, ಅವರು ಕೇಳದೇ ಇರುವುದನ್ನು ತೆಗೆಯಿರಿ. ಬಯೋಡೇಟಾದಲ್ಲಿ ಇರುವುದನ್ನೆಲ್ಲ ಮತ್ತೆ ಪತ್ರದಲ್ಲಿ ಬರೆಯುವ ಅಗತ್ಯವಿಲ್ಲ. ಈ ಹುದ್ದೆಗೆ ಹೊಂದುವ ಎರಡು ಮೂರು ಸಂಗತಿಗಳು ಸಾಕು.

ಹಂತ 3: ಹೆಸರು, ಊರು, ದಿನಾಂಕ, ಅಂಕೆ

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ವ್ಯಾಕರಣ ತಪ್ಪಿದರೆ ಓದುವವರು ಹುಬ್ಬು ಏರಿಸಿ ಮುಂದೆ ಹೋಗಬಹುದು. ವಿವರ ತಪ್ಪಿದರೆ ದಾಖಲೆ ಪರಿಶೀಲನೆಯ ದಿನ ನಿಮ್ಮನ್ನೇ ಅನುಮಾನಿಸುತ್ತಾರೆ.

ಮೊದಲು ನಿಮ್ಮ ಹೆಸರು. ನಮ್ಮ ಕಡೆ ಸ್ವಂತ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಎಂದು ಮೂರೂ ಸೇರುತ್ತವೆ. ಒಂದು ದಾಖಲೆಯಲ್ಲಿ ಪಾಟೀಲ ಮೊದಲು ಬಂದರೆ ಇನ್ನೊಂದರಲ್ಲಿ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಹಿರೇಮಠ ಎಂದು ಬರೆಯುವಾಗ ಕೊನೆಗೆ ಎಚ್ ಇದೆಯೋ ಇಲ್ಲವೋ, ಬಡಿಗೇರಕ್ಕೆ ಇ ಒಂದೋ ಎರಡೋ, ದಾಖಲೆಗೊಂದು ಥರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆಯೇ ಪತ್ರದಲ್ಲೂ ಬಯೋಡೇಟಾದಲ್ಲೂ ಬರೆಯಿರಿ. ಆಧಾರ್‌ನಲ್ಲಿ ಬೇರೆ ಇದ್ದರೆ ಅದನ್ನು ಸರಿಪಡಿಸಿಕೊಳ್ಳುವುದು ಬೇರೆ ಕೆಲಸ. ಪತ್ರದಲ್ಲಿ ಅದರ ವಿವರಣೆ ಬೇಡ.

ಊರಿನ ಹೆಸರಿನಲ್ಲಿ ನಮ್ಮ ಮೂರು ಜಿಲ್ಲೆಯವರಿಗೆ ಹೆಚ್ಚಿನ ತೊಡಕಿದೆ. 2014ರ ನವೆಂಬರ್ 1ರಂದು ಬೆಳಗಾಂ ಹೋಗಿ ಬೆಳಗಾವಿ, ಬಿಜಾಪುರ ಹೋಗಿ ವಿಜಯಪುರ ಎಂದು ಅಧಿಕೃತವಾಯಿತು. ಬಾಗಲಕೋಟೆ ಜಿಲ್ಲೆ ಬಿಜಾಪುರದಿಂದ ಬೇರೆಯಾದದ್ದು 1997ರಲ್ಲಿ. ಹೀಗಾಗಿ ಮುಧೋಳದಲ್ಲೋ ಬಾದಾಮಿಯಲ್ಲೋ ಹುಟ್ಟಿದ, ಈಗ ಮೂವತ್ತು ದಾಟಿದ ಅನೇಕರ ದಾಖಲೆಗಳಲ್ಲಿ ಜಿಲ್ಲೆ ಬಿಜಾಪುರ ಎಂದೇ ಇರುತ್ತದೆ. ಇಂದಿನ ವಿಳಾಸ ಬರೆಯುವಾಗ ಇಂದಿನ ಹೆಸರು ಬಳಸಿ, ದಾಖಲೆಯಲ್ಲಿರುವುದನ್ನು ಹೇಳುವಾಗ ದಾಖಲೆಯಲ್ಲಿ ಇರುವಂತೆ ಬರೆಯಿರಿ. ಒಂದೇ ಪತ್ರದ ತಲೆಯಲ್ಲಿ ಬೆಳಗಾವಿ, ಕೊನೆಯಲ್ಲಿ "ಸ್ಥಳ: ಬೆಳಗಾಂ" ಎಂದು ಇರಬಾರದು. ತಾಲ್ಲೂಕುಗಳೂ ಬದಲಾಗಿವೆ. ರಬಕವಿ-ಬನಹಟ್ಟಿ, ಇಳಕಲ್, ತಿಕೋಟಾ, ಬಬಲೇಶ್ವರ, ಮೂಡಲಗಿ, ನಿಪ್ಪಾಣಿ ಈಗ ಸ್ವತಂತ್ರ ತಾಲ್ಲೂಕುಗಳು. ಪಿನ್‌ಕೋಡ್ ಬಿಡಬೇಡಿ: ವಿಜಯಪುರ ಎಂಬ ಊರು ದೇವನಹಳ್ಳಿ ತಾಲ್ಲೂಕಿನಲ್ಲೂ ಇದೆ, ವಿಜಯನಗರ ಎಂಬ ಜಿಲ್ಲೆ ಬೇರೆ ಹುಟ್ಟಿಕೊಂಡಿದೆ. 586101 ಎಂದು ಬರೆದರೆ ಯಾವ ವಿಜಯಪುರ ಎಂಬ ಗೊಂದಲವಿರುವುದಿಲ್ಲ.

ವಿಶ್ವವಿದ್ಯಾಲಯದ ಹೆಸರನ್ನೂ ಪ್ರಮಾಣಪತ್ರ ನೋಡಿಯೇ ಬರೆಯಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಶುರುವಾದದ್ದು 2010ರಲ್ಲಿ. ಅದಕ್ಕೂ ಮೊದಲು ಇಲ್ಲಿಯ ಕಾಲೇಜುಗಳಲ್ಲಿ ಬಿ.ಎ., ಬಿ.ಕಾಂ. ಮುಗಿಸಿದವರ ಪದವಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. 2006ರ ಪದವಿಯ ಮುಂದೆ ರಾಣಿ ಚನ್ನಮ್ಮ ಎಂದು ಬರೆದರೆ ಪತ್ರವೇ ಸುಳ್ಳು ಹೇಳಿದಂತಾಗುತ್ತದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ಸ್ಥಾಪನೆಯಾಯಿತು. ಅಕ್ಕಮಹಾದೇವಿಯ ಹೆಸರು ಅದಕ್ಕೆ ಸೇರಿದ್ದು ಆಮೇಲೆ. ನಿಮ್ಮ ಪ್ರಮಾಣಪತ್ರದಲ್ಲಿ ಯಾವುದಿದೆಯೋ ನೋಡಿಕೊಳ್ಳಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ (ವಿಟಿಯು) ಓದಿದವರು ಸಿಜಿಪಿಎಯನ್ನು, ಅಂದರೆ ಹತ್ತಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕವನ್ನು, ಸಿಜಿಪಿಎ ಎಂದೇ ಬರೆಯುವುದು ಕ್ಷೇಮ. ಶೇಕಡಾ ಕೇಳಿದ್ದರೆ ವಿಶ್ವವಿದ್ಯಾಲಯವೇ ಕೊಟ್ಟ ಸೂತ್ರವನ್ನು ಬಳಸಿ. ಹತ್ತರಿಂದ ಗುಣಿಸಿದರಾಯಿತು ಎಂಬ ಗೆಳೆಯರ ಮಾತನ್ನು ನಂಬಬೇಡಿ.

ಅನುಭವದ ಲೆಕ್ಕವನ್ನು ಬೆರಳೆಣಿಸಿ ಮಾಡಿ. 2021ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ಎಂದರೆ ಒಂದು ವರ್ಷ ಹತ್ತು ತಿಂಗಳು. ಪತ್ರದಲ್ಲಿ ಅದು "ಎರಡೂವರೆ ವರ್ಷ" ಆಗಿ, ಬಯೋಡೇಟಾದಲ್ಲಿ "ಎರಡು ವರ್ಷ" ಆಗಿ ಕೂತಿರುತ್ತದೆ. ಅನುಭವದ ಪತ್ರ, ಅರ್ಜಿಯ ಪತ್ರ, ಬಯೋಡೇಟಾ ಮೂರೂ ಕಡೆ ಒಂದೇ ಇರಲಿ. ಮೊಬೈಲ್ ಸಂಖ್ಯೆಯನ್ನು ಒಂದೊಂದೇ ಅಂಕಿ ಮುಟ್ಟಿ ಓದಿ. ಸಾಧ್ಯವಾದರೆ ಪತ್ರದಲ್ಲಿರುವ ಸಂಖ್ಯೆಯನ್ನೇ ನೋಡಿ ಬೇರೆ ಫೋನಿನಿಂದ ಕರೆ ಮಾಡಿ, ನಿಮ್ಮ ಫೋನ್ ರಿಂಗಾಗಬೇಕು. ಇಮೇಲ್ ವಿಳಾಸಕ್ಕೂ ಹೀಗೆಯೇ ಒಂದು ಸಂದೇಶ ಕಳುಹಿಸಿ ನೋಡಿ.

ಹಂತ 4: ಯಾರಿಗೆ ಬರೆದಿದ್ದೀರಿ?

ಬಹುತೇಕ ಪತ್ರಗಳು ಹಳೆಯ ಫೈಲಿನ ಮೇಲೆಯೇ ತಿದ್ದಿ ಮಾಡಿದವು. ನಿಮ್ಮದೇ ಹಳೆಯ ಪತ್ರವಿರಬಹುದು, ಗೆಳತಿಯದ್ದಿರಬಹುದು, ನಮ್ಮಂಥ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಯಾರದ್ದೋ ಇರಬಹುದು. ಆಗ ತಲೆಭಾಗದಲ್ಲಿ ಹೊಸ ಸಂಸ್ಥೆಯ ಹೆಸರು, ಮೂರನೇ ಪ್ಯಾರಾದಲ್ಲಿ ಹಳೆಯ ಸಂಸ್ಥೆಯ ಹೆಸರು ಉಳಿಯುತ್ತದೆ. ಹುಡುಗಿಯೊಬ್ಬಳ ಪತ್ರದಲ್ಲಿ "ಪದವೀಧರನಾಗಿದ್ದೇನೆ" ಎಂದು ಉಳಿಯುವುದೂ ಹೀಗೆಯೇ. ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಳೆಯ ಸಂಸ್ಥೆ, ಹಳೆಯ ಹುದ್ದೆ, ಹಳೆಯ ಊರು, ಹಳೆಯ ಇಸವಿ ಒಂದೊಂದನ್ನೂ ಹುಡುಕಿ.

"ಇವರಿಗೆ" ಎಂಬಲ್ಲಿ ಹುದ್ದೆಯ ಹೆಸರು ಜಾಹೀರಾತಿನಲ್ಲಿ ಇರುವಂತೆಯೇ ಇರಲಿ. ಸೌಹಾರ್ದಕ್ಕೆ ಮುಖ್ಯ ಕಾರ್ಯನಿರ್ವಾಹಕರು, ಶಾಲೆಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು, ಕಾರ್ಖಾನೆಗೆ ಮಾನವ ಸಂಪನ್ಮೂಲ ವಿಭಾಗದ ವ್ಯವಸ್ಥಾಪಕರು ಎಂದು ಒಂದೊಂದು ಕಡೆ ಒಂದೊಂದು ಬಗೆ. "ವಿಷಯ" ಒಂದೇ ಸಾಲಿನಲ್ಲಿ ಹುದ್ದೆಯನ್ನು ಹೇಳಲಿ. "ಉಲ್ಲೇಖ" ಎಂಬಲ್ಲಿ ಪತ್ರಿಕೆಯ ಹೆಸರು ಮತ್ತು ಜಾಹೀರಾತು ಬಂದ ದಿನಾಂಕವನ್ನು ಜಾಹೀರಾತಿನ ತುಣುಕು ನೋಡಿ ಬರೆಯಿರಿ. ಕೊನೆಯ "ಲಗತ್ತು" ಪಟ್ಟಿಯಲ್ಲಿ ಐದು ದಾಖಲೆ ಎಂದಿದ್ದರೆ ಲಕೋಟೆಯಲ್ಲೂ ಐದೇ ಇರಬೇಕು.

ಹಂತ 5: ವಾಕ್ಯಗಳನ್ನು ಬಿಡಿಸುವುದು

ಈಗ ಗಟ್ಟಿಯಾಗಿ ಓದಿ. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಗುರುತು ಹಾಕಿ. ಜಮಖಂಡಿ ಕಡೆಯ ಯುವಕನೊಬ್ಬ ಸಕ್ಕರೆ ಕಾರ್ಖಾನೆಯ ಲೆಕ್ಕಪತ್ರ ವಿಭಾಗಕ್ಕೆ ಬರೆಯುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ:

"ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಬಿ.ಕಾಂ. ಪದವಿದರನಾಗಿದ್ದು, ತಮ್ಮ ಪ್ರತಿಷ್ಟಿತ ಸಂಸ್ತೆಯಲ್ಲಿ ಕೆಲಸ ಮಾಡಲು ಅತೀವ ಆಸಕ್ತಿ ಹೊಂದಿದ್ದು, ನನಗೆ ಟ್ಯಾಲಿ ಬರುತ್ತಿದ್ದು, ಎರಡು ವರ್ಷ ಅನುಭವವಿದ್ದು, ನಾನು ಕಠಿಣ ಪರಿಶ್ರಮಿಯಾಗಿದ್ದು, ಕಾರಣ ತಾವುಗಳು ನನ್ನ ಬಡತನದ ಪರಿಸ್ಥಿತಿಯನ್ನು ಗಮನಿಸಿ ನಿಮ್ಮಲ್ಲಿ ಒಂದು ಅವಕಾಶ ಮಾಡಿಕೊಡಬೇಕಾಗಿ ವಿನಂತಿ."

ಇದನ್ನು ಅಕ್ಷರದಿಂದ ತಿದ್ದಲು ಹೊರಟರೆ ಮೂರು ತಪ್ಪು ಸಿಗುತ್ತವೆ: ಪದವೀಧರ, ಪ್ರತಿಷ್ಠಿತ, ಸಂಸ್ಥೆ. ಅಷ್ಟು ತಿದ್ದಿದರೂ ಪತ್ರ ಇದ್ದಲ್ಲೇ ಇರುತ್ತದೆ. ನಿಜವಾದ ರೋಗ "ಆಗಿದ್ದು, ಹೊಂದಿದ್ದು, ಬರುತ್ತಿದ್ದು" ಎಂಬ ಸರಪಳಿ. ಇಡೀ ಪತ್ರ ಒಂದೇ ವಾಕ್ಯವಾಗಿ, ಎಲ್ಲ ಸಂಗತಿಗಳೂ ಒಂದೇ ತೂಕಕ್ಕೆ ಬಂದುಬಿಟ್ಟಿವೆ. ಪ್ರತಿ "ಇದ್ದು" ಬಂದಲ್ಲಿ ನಿಲ್ಲಿಸಿ, "ಇದೆ", "ಇದ್ದೇನೆ" ಎಂದು ಪೂರ್ಣವಿರಾಮ ಹಾಕಿ ನೋಡಿ. ಉಳಿಯಬೇಕಾದದ್ದು ಯಾವುದು, ಹೋಗಬೇಕಾದದ್ದು ಯಾವುದು ಎಂದು ಆಗ ತಿಳಿಯುತ್ತದೆ. "ಮೇಲ್ಕಾಣಿಸಿದ" ಎಂಬಲ್ಲಿಂದ "ಏನೆಂದರೆ" ತನಕ ಒಂದು ಮಾಹಿತಿಯೂ ಇಲ್ಲ. ಕಂದಾಯ ಕಚೇರಿಯ ಅರ್ಜಿಗಳಿಂದ ಬಂದ ಅಭ್ಯಾಸವದು, ತೆಗೆದುಹಾಕಿ. "ಟ್ಯಾಲಿ ಬರುತ್ತದೆ" ಎಂದರೆ ಸಾಲದು. ಟ್ಯಾಲಿಯಲ್ಲಿ ಏನು ಮಾಡಿದಿರಿ, ಎಲ್ಲಿ ಮಾಡಿದಿರಿ ಎಂದು ಕೇಳಿಕೊಳ್ಳಿ. ಕೇಳಿಕೊಂಡು ಬರೆದರೆ ಪತ್ರ ಹೀಗಾಗುತ್ತದೆ:

"ತಮ್ಮ ಕಾರ್ಖಾನೆಯ ಲೆಕ್ಕಪತ್ರ ಸಹಾಯಕ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. 2022ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಿಂದ ಬಿ.ಕಾಂ. ಪದವಿ ಪಡೆದಿದ್ದೇನೆ. ಎರಡು ವರ್ಷಗಳಿಂದ ಜಮಖಂಡಿಯ ರಸಗೊಬ್ಬರ ಮಳಿಗೆಯೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ದಿನದ ವಹಿವಾಟನ್ನು ಟ್ಯಾಲಿಯಲ್ಲಿ ನಮೂದಿಸುವುದು, ಜಿಎಸ್‌ಟಿ ಬಿಲ್ಲು ಸಿದ್ಧಪಡಿಸುವುದು, ತಿಂಗಳ ಕೊನೆಗೆ ಬ್ಯಾಂಕ್ ಲೆಕ್ಕದೊಡನೆ ತಾಳೆ ನೋಡುವುದು ನನ್ನ ಕೆಲಸ. ಹಂಗಾಮಿನಲ್ಲಿ ರೈತರ ಉದ್ರಿ ಖಾತೆಗಳನ್ನೂ ನಾನೇ ನಿರ್ವಹಿಸುತ್ತೇನೆ. ಕಬ್ಬು ಪೂರೈಸುವ ರೈತರ ಬಿಲ್ಲಿನ ಕೆಲಸಕ್ಕೆ ಈ ಅನುಭವ ಹೊಂದುತ್ತದೆ ಎಂದು ಭಾವಿಸಿದ್ದೇನೆ."

"ಕಠಿಣ ಪರಿಶ್ರಮಿ" ಎಂಬ ಮಾತು ಹೋಯಿತು, ಆದರೆ ಪರಿಶ್ರಮ ಕಾಣುತ್ತದೆ. ಉದ್ರಿ ಖಾತೆಯ ಒಂದು ಸಾಲು ಮಾಡುವ ಕೆಲಸವನ್ನು ಹತ್ತು ವಿಶೇಷಣಗಳು ಮಾಡಲಾರವು. "ನಾನು" ಎಂಬುದೂ ಕಡಿಮೆಯಾಯಿತು. ಕನ್ನಡದ ಕ್ರಿಯಾಪದವೇ ಮಾಡಿದವರು ಯಾರೆಂದು ಹೇಳುವಾಗ ಪ್ರತಿ ವಾಕ್ಯವನ್ನೂ "ನಾನು" ಎಂದು ಶುರುಮಾಡಬೇಕಿಲ್ಲ.

ಬಡತನದ ಸಾಲನ್ನು ತೆಗೆಯಿರಿ ಎಂದಾಗ ಕೆಲವರಿಗೆ ನೋವಾಗುತ್ತದೆ. ಕಷ್ಟ ನಿಜವೇ ಇರಬಹುದು. ಆದರೂ ಕೆಲಸ ಕೊಡುವವರು ಆ ಹುದ್ದೆಗೆ ಕೈ ಹುಡುಕುತ್ತಿರುತ್ತಾರೆ, ನಿಮ್ಮ ಮನೆಯ ಕಷ್ಟ ಅವರ ತೀರ್ಮಾನಕ್ಕೆ ಬರುವುದಿಲ್ಲ. ಅತಿಯಾದ ಹೊಗಳಿಕೆಯೂ ಹಾಗೆಯೇ. ಐದು ವರ್ಷದ ಹಿಂದೆ ಹುಟ್ಟಿದ ಸಹಕಾರಿಯನ್ನು "ವಿಶ್ವವಿಖ್ಯಾತ" ಎಂದರೆ ಅದರ ಅಧ್ಯಕ್ಷರೇ ನಗುತ್ತಾರೆ.

ಗೌರವಸೂಚಕಗಳಲ್ಲಿ ಒಂದೇ ದಾರಿ ಹಿಡಿಯಿರಿ. ಮೇಲಿನ ಕರಡಿನಲ್ಲಿ "ತಮ್ಮ", "ತಾವುಗಳು", "ನಿಮ್ಮಲ್ಲಿ" ಮೂರೂ ಇವೆ. "ತಾವು" ಎಂದರೆ ಸಾಕು, ಅದಕ್ಕೆ "ಗಳು" ಬೇಡ. "ತಾವು" ಎಂದು ಶುರುಮಾಡಿದರೆ ಕೊನೆಯವರೆಗೂ "ತಮ್ಮ" ಎಂದೇ ಇರಲಿ. "ನೀವು" ಎಂದರೂ ಅಗೌರವವೇನಿಲ್ಲ, ಬೆರಕೆಯಾಗಬಾರದು ಅಷ್ಟೇ.

ಹಂತ 6: ಅಕ್ಷರಗಳು

ಈಗ ಕಾಗುಣಿತಕ್ಕೆ ಬಂದೆವು. ಪತ್ರವನ್ನು ಕೊನೆಯ ವಾಕ್ಯದಿಂದ ಮೊದಲಿನ ಕಡೆಗೆ ಓದಿ. ಅರ್ಥದ ಓಟ ತಪ್ಪುವುದರಿಂದ ಪದಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸಾಲಿನ ಕೆಳಗೆ ಒಂದು ಅಳತೆಪಟ್ಟಿ ಇಟ್ಟುಕೊಂಡರೆ ಕಣ್ಣು ಮುಂದಕ್ಕೆ ಜಿಗಿಯುವುದಿಲ್ಲ.

ಅರ್ಜಿ ಪತ್ರಗಳಲ್ಲಿ ಎಡವುವ ಪದಗಳು ಹೆಚ್ಚೇನಿಲ್ಲ, ಮತ್ತೆ ಮತ್ತೆ ಅವೇ ಬರುತ್ತವೆ. ಮಹಾಪ್ರಾಣ ಬೇಕಾದಲ್ಲಿ ಬಿಟ್ಟುಹೋಗುವುದು: ಅಭ್ಯರ್ಥಿ, ಸಂಸ್ಥೆ, ಧನ್ಯವಾದ, ವ್ಯವಸ್ಥಾಪಕ, ಮುಖ್ಯೋಪಾಧ್ಯಾಯ. ಬೇಡದಲ್ಲಿ ಸೇರಿಕೊಳ್ಳುವುದು: "ಜವಾಬ್ಧಾರಿ" ಅಲ್ಲ, ಜವಾಬ್ದಾರಿ. "ಧೃಡೀಕೃತ" ಎಂದು ಅರ್ಧ ಜಗತ್ತು ಬರೆಯುತ್ತದೆ, ಸರಿಯಾದದ್ದು ದೃಢೀಕೃತ. "ಪರಿಣಿತಿ" ಅಲ್ಲ, ಪರಿಣತಿ. "ಶೈಕ್ಷಣೀಕ" ಅಲ್ಲ, ಶೈಕ್ಷಣಿಕ. ಕೃತಜ್ಞತೆ ಬರೆಯುವಲ್ಲಿ ಒತ್ತಕ್ಷರ ತಪ್ಪಿ ಕೃತಘ್ನತೆಯಾದರೆ ಉಪಕಾರ ಮರೆತವರೆಂದು ನೀವೇ ಬರೆದುಕೊಟ್ಟಂತೆ. ಅಂಕೆಗಳನ್ನು ಕನ್ನಡದಲ್ಲಿ ಬರೆದರೆ ಎಲ್ಲವನ್ನೂ ಹಾಗೆಯೇ ಬರೆಯಿರಿ. ಒಂದು ಸಾಲಿನಲ್ಲಿ ೨೦೨೨, ಇನ್ನೊಂದರಲ್ಲಿ 2023 ಬೇಡ. ಯುನಿಕೋಡ್‌ನಲ್ಲಿ (ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಉಳಿಯುವ ಅಕ್ಷರ ಸಂಕೇತ) ಟೈಪ್ ಮಾಡುವಾಗ "ಸಾಫ್ಟ್‌ವೇರ್" ಎಂಬಂಥ ಪದಗಳಲ್ಲಿ ಮಧ್ಯದ ಅಕ್ಷರ ಒತ್ತಾಗಿ ಇಳಿದು "ಸಾಫ್ಟ್ವೇರ್" ಆಗಿಬಿಡುತ್ತದೆ. ಅಂಥ ಇಂಗ್ಲಿಷ್ ಪದಗಳನ್ನು ಬೇರೆಯಾಗಿ ನೋಡಿ.

ಪತ್ರ ಇಂಗ್ಲಿಷಿನಲ್ಲಿದ್ದರೆ ತಪ್ಪು ಪದದ ಕೆಳಗೆ ಕಂಪ್ಯೂಟರ್ ತೋರಿಸುವ ಕೆಂಪು ಗೆರೆಯನ್ನು ಪೂರ್ತಿ ನಂಬಬೇಡಿ. ಸೆಟ್ಟಿಂಗ್ ಬದಲಿಸದಿದ್ದರೆ ವರ್ಡ್ ತಂತ್ರಾಂಶವು ಪೂರ್ತಿ ದೊಡ್ಡಕ್ಷರಗಳಲ್ಲಿ ಬರೆದ ಪದಗಳನ್ನು ಸಾಮಾನ್ಯವಾಗಿ ಪರೀಕ್ಷಿಸುವುದಿಲ್ಲ. ನಮ್ಮವರು ದೊಡ್ಡಕ್ಷರದಲ್ಲಿ ಬರೆಯುವುದು ವಿಷಯದ ಸಾಲನ್ನೇ. ಹೀಗಾಗಿ ಎಲ್ಲರಿಗೂ ಮೊದಲು ಕಾಣುವ ಸಾಲೇ ಪರೀಕ್ಷೆಯಿಲ್ಲದೆ ಹೋಗುತ್ತದೆ. ನಿಘಂಟಿನಲ್ಲಿರುವ ಬೇರೊಂದು ಪದವಾಗಿ ತಪ್ಪು ಮಾರ್ಪಟ್ಟರೂ ಗೆರೆ ಬರುವುದಿಲ್ಲ. ನಮ್ಮ ಊರುಗಳ ಹೆಸರಿಗೆ ಮಾತ್ರ ತಪ್ಪದೇ ಬರುತ್ತದೆ. ಗೆರೆ ಹೋಗಲಿ ಎಂದು ಅದು ಸೂಚಿಸಿದ ಪದವನ್ನು ಒತ್ತಿದರೆ ಊರಿನ ಜಾಗದಲ್ಲಿ ಇನ್ನೇನೋ ಕೂರುತ್ತದೆ.

ಎಐ ಸಾಧನಗಳಿಗೆ ಕೊಟ್ಟು ತಿದ್ದಿಸುವವರು ಈಗ ಹೆಚ್ಚು. ಕೊಡಿ, ತಪ್ಪಿಲ್ಲ. ಆದರೆ "ತಪ್ಪುಗಳನ್ನು ಮಾತ್ರ ತೋರಿಸು, ಹೊಸದಾಗಿ ಬರೆಯಬೇಡ" ಎಂದು ಹೇಳಿ. ಹಾಗೆ ಹೇಳದಿದ್ದರೆ ನಿಮಗೆ ಗೊತ್ತಿಲ್ಲದ ಕೌಶಲವನ್ನೂ ನೀವು ಮಾಡದ ಸಾಧನೆಯನ್ನೂ ಸೇರಿಸಿ ಕೊಡಬಹುದು. ಸಂದರ್ಶನದಲ್ಲಿ ಉತ್ತರಿಸಬೇಕಾದವರು ನೀವು.

ಹಂತ 7: ಪುಟದ ರೂಪ ಮತ್ತು ಫೈಲು

ಒಂದೇ ಪುಟ, ಎ4, ಸುತ್ತ ಒಂದು ಇಂಚು ಅಂಚು, ಓದಲು ಬರುವ ಒಂದೇ ಅಕ್ಷರಶೈಲಿ. ಬಣ್ಣ, ಚೌಕಟ್ಟು, ಹೂಬಳ್ಳಿ ಲಗ್ನಪತ್ರಿಕೆಗೆ ಇರಲಿ.

ಫೈಲಿನ ವಿಚಾರದಲ್ಲಿ ಕನ್ನಡದ ಪತ್ರಕ್ಕೆ ಮಾತ್ರ ಇರುವ ಅಪಾಯ ಒಂದಿದೆ. ಇಲ್ಲಿಯ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯ ಫಾಂಟ್‌ಗಳಲ್ಲೇ ಟೈಪ್ ಮಾಡುತ್ತಾರೆ. ಅದರಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ವರ್ಡ್ ಫೈಲ್ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಯುನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಈಗಾಗಲೇ ಹಳೆಯದರಲ್ಲಿದ್ದರೆ ಪರಿವರ್ತಕದಿಂದ ಬದಲಿಸಿ, ಬದಲಿಸಿದ ಮೇಲೆ ಇಡೀ ಪತ್ರವನ್ನು ಮತ್ತೊಮ್ಮೆ ಓದಿ, ಏಕೆಂದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಪರಿವರ್ತನೆಯಲ್ಲಿ ಜಾಗ ತಪ್ಪುವುದುಂಟು. ಕಳುಹಿಸುವುದು ಯಾವಾಗಲೂ ಪಿಡಿಎಫ್ ಆಗಿರಲಿ. ಫೈಲಿಗೆ "ಹೊಸದು ಫೈನಲ್ 3" ಎಂಬ ಹೆಸರು ಬೇಡ, ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ಪಿಡಿಎಫ್ ಅನ್ನು ಬೇರೆಯವರ ಮೊಬೈಲ್‌ನಲ್ಲಿ ತೆರೆದು ನೋಡಿ.

ಹಂತ 8: ಇನ್ನೊಬ್ಬರ ಕಣ್ಣು

"ಹೇಗಿದೆ ನೋಡಿ" ಎಂದು ಕೊಟ್ಟರೆ "ಚೆನ್ನಾಗಿದೆ" ಎಂದು ಹಿಂದಿರುಗಿಸುತ್ತಾರೆ. ಅದರ ಬದಲು ಪತ್ರ ಓದಿಸಿ, ಮುಚ್ಚಿಡಿಸಿ, ಮೂರು ಪ್ರಶ್ನೆ ಕೇಳಿ: ಯಾವ ಹುದ್ದೆ? ನನಗೆ ಏನು ಬರುತ್ತದೆ? ಎಲ್ಲಿ ಕಲಿತೆ? ಉತ್ತರ ತಡವರಿಸಿದರೆ ಹಂತ 5ಕ್ಕೆ ವಾಪಸ್. ಅಕ್ಷರ ನೋಡಲು ಕನ್ನಡ ಶಾಲೆಯ ಶಿಕ್ಷಕರೊಬ್ಬರು ಸಿಕ್ಕರೆ ಬಿಡಬೇಡಿ. ಯಾರೂ ಸಿಗದಿದ್ದರೆ ಮೊಬೈಲ್‌ನ ಓದಿ ಹೇಳುವ ಸೌಲಭ್ಯದಿಂದ ಕೇಳಿಸಿಕೊಳ್ಳಿ. ಕಣ್ಣು ತಾನಾಗಿ ಸರಿಮಾಡಿಕೊಂಡು ಓದುವ ಪದವನ್ನು ಯಂತ್ರ ಇದ್ದಂತೆಯೇ ಓದುತ್ತದೆ.

ಹಂತ 9: ಕಳುಹಿಸುವುದು

ಇಮೇಲ್ ಆದರೆ ಮೊದಲು ಫೈಲು ಲಗತ್ತಿಸಿ, ನಂತರ ವಿಷಯದ ಸಾಲು ಬರೆದು, ಕೊನೆಗೆ ವಿಳಾಸ ತುಂಬಿ. ಈ ಕ್ರಮದಲ್ಲಿ ಮಾಡಿದರೆ ಅರ್ಧಕ್ಕೆ ಕೈ ತಪ್ಪಿದರೂ ಪತ್ರ ಹೋಗುವುದಿಲ್ಲ. ಖಾಲಿ ಇಮೇಲ್‌ಗೆ ಫೈಲ್ ಅಂಟಿಸಿ ಕಳುಹಿಸಬೇಡಿ, ಯಾವ ಹುದ್ದೆಗೆ ಎಂಬ ಎರಡು ಸಾಲು ಇರಲಿ. ಕೈಯಾರೆ ಕೊಡುವುದಾದರೆ ಸಹಿ ಮತ್ತು ದಿನಾಂಕವನ್ನು ಅದೇ ದಿನ ಹಾಕಿ. ಟೈಪ್ ಮಾಡಿಸಿದ ದಿನಾಂಕ ಒಂದು, ಕೊಟ್ಟ ದಿನ ಇನ್ನೊಂದು ಆಗುವುದು ಬೇಡ.

ಕಳುಹಿಸಿದ ಮೇಲೆ ತಪ್ಪು ಕಣ್ಣಿಗೆ ಬೀಳುವುದು ಸಾಮಾನ್ಯ. ಫೋನ್ ಸಂಖ್ಯೆ, ಹುದ್ದೆಯ ಹೆಸರು, ಸಂಸ್ಥೆಯ ಹೆಸರು ತಪ್ಪಿದ್ದರೆ ಅದೇ ದಿನ "ತಿದ್ದಿದ ಪ್ರತಿಯನ್ನು ಲಗತ್ತಿಸಿದ್ದೇನೆ, ದಯವಿಟ್ಟು ಇದನ್ನೇ ಪರಿಗಣಿಸಿ" ಎಂದು ಒಂದು ಸಾಲು ಬರೆದು ಮತ್ತೆ ಕಳುಹಿಸಿ. ಒಂದು ಒತ್ತಕ್ಷರ ಬಿಟ್ಟುಹೋಗಿದ್ದರೆ ಸುಮ್ಮನಿರಿ, ಅದನ್ನು ಎತ್ತಿ ತೋರಿಸಲು ಇನ್ನೊಂದು ಪತ್ರ ಬೇಡ. ಕಳುಹಿಸಿದ ಪ್ರತಿಯನ್ನು ಜಾಹೀರಾತಿನ ಜೊತೆ ಒಂದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ತಿಂಗಳ ನಂತರ ಕರೆ ಬಂದಾಗ ಯಾವ ಹುದ್ದೆಗೆ ಏನು ಬರೆದಿದ್ದಿರಿ ಎಂದು ನೋಡಿಕೊಂಡು ಮಾತನಾಡಲು ಅದು ಬೇಕಾಗುತ್ತದೆ.